ಗೋಲು ರದ್ದಾಯಿತು, ಅಪ್ಪುಗೆಯ ಗತಿಯೇನು?

ವಿಡಿಯೊ ಕೋಣೆಯಲ್ಲಿ ಕುಳಿತು ಫುಟ್‌ಬಾಲ್ ಪಂದ್ಯಗಳ ತೀರ್ಪು ತಿದ್ದುವ ರೆಫರಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಯಾರ ಕಣ್ಣಿಗೂ ಬೀಳದೆ ಎಲ್ಲರನ್ನೂ ನೋಡುವವರು. ಪ್ರೌಢಶಾಲೆಯವರೆಗೆ ಓದಿ, ನಾಲ್ಕು ಮಕ್ಕಳನ್ನು ಹೆತ್ತು, ಇಂದಿಗೂ ಈ ಮನೆಯ ಕೊನೆಯ ಮಾತನ್ನು ತಾನೇ ಆಡುವ ಹೆಂಗಸಿನ ವಿನಯಪೂರ್ವಕ ನಮಸ್ಕಾರಗಳನ್ನು ಸ್ವೀಕರಿಸಬೇಕು.

ಭಾನುವಾರದ ಪಂದ್ಯದ ಕೊನೆಗೆ ನನ್ನ ಎರಡನೆಯ ಮಗ ಹೊಡೆದ ಗೋಲನ್ನು ತಾವು ರದ್ದು ಮಾಡಿದಿರಿ. ಚೆಂಡು ಅವನತ್ತ ಹೊರಟ ಗಳಿಗೆಯಲ್ಲಿ ಅವನ ಕಾಲಿನ ಹೆಬ್ಬೆರಳು ಎದುರಾಳಿ ತಂಡದ ರಕ್ಷಣಾ ಆಟಗಾರನಿಗಿಂತ ಮುಂದಿತ್ತು, ಆದ್ದರಿಂದ ಆಫ್‌ಸೈಡ್ ಎಂದು ಟಿ.ವಿ.ಯಲ್ಲಿ ಗೆರೆ ಎಳೆದು ತೋರಿಸಿದಿರಿ. ಆ ಹೆಬ್ಬೆರಳನ್ನು ಹೆತ್ತವಳು ನಾನು. ಅದು ಉದ್ದವೇ, ಅವನ ಅಪ್ಪನ ಕಡೆಯ ಬಳುವಳಿ, ಕಾಲ್ಚೀಲಗಳೆಲ್ಲ ಅಲ್ಲೇ ತೂತಾಗುತ್ತವೆ. ಬೂಟಿನೊಳಗಿದ್ದ ಅದನ್ನೂ ಪತ್ತೆಹಚ್ಚಿದ ತಮಗೆ ಯಾರ ಕಣ್ಣೂ ತಾಗದಿರಲಿ.

ಆದರೆ ನನ್ನ ದೂರು ಅಪ್ಪುಗೆಯ ಬಗ್ಗೆ.

ನಮ್ಮ ಮಹಡಿಯಲ್ಲಿ ನನ್ನ ಓರಗಿತ್ತಿ ಇದ್ದಾಳೆ. ನಾನು ಹೊಲಿದ ಕಿಟಕಿ ಪರದೆ ಸೊಟ್ಟಗಿದೆ ಎಂದು ಅವಳು ನೆಂಟರೆದುರು ಅಂದ ದಿನದಿಂದ ನಮಗೆ ಮಾತಿಲ್ಲ. (ಪರದೆ ನೆಟ್ಟಗೇ ಇದೆ.) ಆದರೂ ನನ್ನ ಮಗನಿಗೆ ಕೈ ಹಿಡಿದು ನಡೆಯಲು ಕಲಿಸಿದವಳು ಅವಳೇ ಆದ್ದರಿಂದ, ಬೆಕ್ಕು ಹುಡುಕುವ ನೆಪದಲ್ಲಿ ಕೆಳಗಿಳಿದು ಬಾಗಿಲಲ್ಲೇ ನಿಂತು ಪಂದ್ಯ ನೋಡುತ್ತಿದ್ದಳು. ಗೋಲಾಯಿತು. ಮೈಮೇಲೆ ಎಚ್ಚರ ಬಂದಾಗ ನಾವಿಬ್ಬರೂ ತಬ್ಬಿಕೊಂಡು ಟೀಪಾಯಿಯ ಸುತ್ತ ಕುಣಿಯುತ್ತಿದ್ದೆವು.

ಆಗ ತಾವು ಪರಿಶೀಲನೆ ಆರಂಭಿಸಿದಿರಿ. ಕೈ ಬಿಟ್ಟರೆ ಮಗನ ಗೋಲಿನಲ್ಲಿ ನಂಬಿಕೆಯಿಲ್ಲವೆಂದಂತೆ, ಬಿಡದಿದ್ದರೆ ನನ್ನ ಮರ್ಯಾದೆಯ ಗತಿಯೇನು? "ಅಕ್ಕ, ಬಿಡ್ತೀರಾ?" ಅಂದಳು. "ಮೊದಲು ಹಿಡ್ಕೊಂಡವಳು ನೀನು, ನೀನೇ ಬಿಡು" ಅಂದೆ. "ನಾನಾ? ಬಾಗಿಲ ತನಕ ಓಡಿ ಬಂದಿದ್ದು ಯಾರು?" ಅಂದಳು. ಅಷ್ಟರಲ್ಲಿ ಗೋಲಿಲ್ಲವೆಂದು ತಮ್ಮ ತೀರ್ಪು ಬಂತು. ಅವಳು ಸೆರಗು ಸರಿಮಾಡಿಕೊಂಡು, ಬೆಕ್ಕನ್ನೂ ಕರೆಯದೆ, ಮಹಡಿ ಹತ್ತಿಬಿಟ್ಟಳು. ಅಂದಿನಿಂದ ಮೆಟ್ಟಿಲಲ್ಲಿ ಎದುರಾದಾಗಲೆಲ್ಲ, ನಗಬೇಕೋ ಬೇಡವೋ ತಿಳಿಯದೆ, ಇಬ್ಬರೂ ಗೋಡೆಯ ಸುಣ್ಣ ನೋಡುತ್ತೇವೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ನಮ್ಮ ನಡುಮನೆಗೂ ಒಂದು ಗೆರೆ ಎಳೆದು, ಯಾರ ಕೈ ಮೊದಲು ಮುಂದೆ ಬಂತೆಂದು ತೀರ್ಮಾನಿಸಬೇಕು. ಅದಾಗದಿದ್ದರೆ, ಗೋಲು ಹೋದರೂ ಅಪ್ಪುಗೆ ಊರ್ಜಿತವೆಂದು ಮೊಹರು ಒತ್ತಿದ ಆದೇಶವೊಂದನ್ನಾದರೂ ಕಳಿಸಬೇಕು. ನಾನಾಗಿ ಮಹಡಿ ಹತ್ತುವವಳಲ್ಲ. ಮೇಲಿನವರ ಆದೇಶವೆಂದರೆ ವಿಧಿಯಿಲ್ಲದೆ ಹತ್ತಬಹುದು.

ಇಂತಿ, ಗೆರೆಯ ಈಚೆಗೇ ನಿಂತಿರುವ
ತಮ್ಮ ವಿಶ್ವಾಸಿ,
ಹೆಬ್ಬೆರಳಿನ ತಾಯಿ

ತಾ.ಕ.: ಇದನ್ನು ಬರೆಯುತ್ತಿರುವಾಗಲೇ ಓರಗಿತ್ತಿ ಕೆಳಗೆ ಬಂದು, ಹೆಗಲ ಮೇಲಿಂದ ಇಣುಕಿ ಓದಿ, "ಏನಕ್ಕ, ಇಷ್ಟು ಮೆತ್ತಗೆ ಬೈದರೆ ಅವರಿಗೆ ನಾಟುತ್ತಾ?" ಎಂದು ಪಕ್ಕದಲ್ಲೇ ಕುಳಿತಿದ್ದಾಳೆ. ಹಾಗಾಗಿ ಆದೇಶ ಕಳಿಸುವ ತೊಂದರೆ ತಮಗೆ ಬೇಡ. ಮುಂದಿನ ಪಂದ್ಯಕ್ಕೆ ನಾವಿಬ್ಬರೂ ಮೈದಾನಕ್ಕೇ ಬರುತ್ತಿದ್ದೇವೆ. ತಮ್ಮ ಕೋಣೆಯ ಬಾಗಿಲು ಯಾವ ಕಡೆಗಿದೆ ಎಂಬುದನ್ನಷ್ಟೇ ದಯವಿಟ್ಟು ತಿಳಿಸುವುದು.