ನೂರಾದರೆ ಬಡಿಯುವ ಗಂಟೆ

ನಮ್ಮ ಕಾಕಾ ಮನುಷ್ಯರ ಮುಖ ನೋಡುವುದಿಲ್ಲ. ನೀವು ಅವರ ಮನೆಗೆ ಹೋದರೆ ‘ಬರ್ರಿ, ಕೂಡ್ರಿ’ ಎನ್ನುವುದಕ್ಕಿಂತ ಮೊದಲೇ ಹೆಬ್ಬೆರಳಿನಿಂದ ನಿಮ್ಮ ಕಣ್ಣಿನ ಕೆಳರೆಪ್ಪೆ ಜಗ್ಗಿ ಒಳಗಿನ ಬಣ್ಣ ನೋಡುತ್ತಾರೆ. ಕೆಂಪಗಿದ್ದರೆ ಚಹಾ ಸಿಗುತ್ತದೆ. ಬೆಳ್ಳಗಿದ್ದರೆ ಚಹಾ ಇಲ್ಲ. ಶೇಂಗಾ, ಬೆಲ್ಲ ಮತ್ತು ಅರ್ಧ ತಾಸಿನ ಉಪನ್ಯಾಸ! ನನ್ನನ್ನು ನೋಡಲು ಬಂದ ಹುಡುಗನಿಗೂ ಅದೇ ಸ್ವಾಗತ. ಇನ್ನೂ ಯಾರೂ ಗೋತ್ರ ಕೇಳಿರಲಿಲ್ಲ, ನೌಕರಿ ಕೇಳಿರಲಿಲ್ಲ. ಕಾಕಾ ಅವನ ರೆಪ್ಪೆ ಬಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದರು: “ಹಿಮೋಗ್ಲೋಬಿನ್ ಹದಿನಾಲ್ಕರ ಮ್ಯಾಲ ಅದ. ಮುಂದಿನ ಮಾತು ಆಡ್ರಿ.”

ಆ ಹೆಬ್ಬೆರಳಿನಿಂದ ತಪ್ಪಿಸಿಕೊಂಡವರು ಪುಣೆಯ ನಮ್ಮ ಇಡೀ ಕೋಥರೂಡ ಬಡಾವಣೆಯಲ್ಲಿ ಒಬ್ಬರೇ, ನಮ್ಮ ಕಾಕು. “ನಾ ನಿಮ್ಮ ಹೇಂತಿ ಇದ್ದೀನಿ, ಪೇಷಂಟ್ ಅಲ್ಲ” ಎಂದು ಮದುವೆಯಾದ ವಾರವೇ ಹೇಳಿಬಿಟ್ಟಿದ್ದರಂತೆ. ಕಾಕಾ ಮತ್ತೆ ಆ ಕಡೆ ಕೈ ಚಾಚಲಿಲ್ಲ. ಈ ಒಂದು ಸಂಗತಿ ನೆನಪಿಟ್ಟುಕೊಂಡಿರಿ.

ಕಾಕಾ ಧಾರವಾಡದಿಂದ ಪುಣೆಗೆ ಬಂದು, ಒಂದೇ ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತೈದು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತವರು. ಗಾಜಿನ ಪಟ್ಟಿಯ ಮೇಲೆ ಸವರಿದ ರಕ್ತದಲ್ಲಿ ಯಾವ ಜಾತಿಯ ಬಿಳಿ ಕಣ ಎಷ್ಟಿವೆ ಎಂದು ಎಣಿಸುವುದು ಅವರ ಕೆಲಸ. ಅದಕ್ಕೊಂದು ಪುಟ್ಟ ಕಬ್ಬಿಣದ ಯಂತ್ರವಿತ್ತು. ಸಾಲಾಗಿ ಗುಂಡಿಗಳು, ಒಂದೊಂದು ಜಾತಿಗೆ ಒಂದೊಂದು. ಕಣ ಕಂಡಂತೆಲ್ಲ ಅದರ ಗುಂಡಿ ಒತ್ತಬೇಕು. ಎಲ್ಲ ಸೇರಿ ನೂರಾದ ಕೂಡಲೇ ಯಂತ್ರ ‘ಟ್ರಿಣ್’ ಎಂದು ಗಂಟೆ ಬಡಿಯುತ್ತದೆ. ಮುಂದೆ ಎಲ್ಲವನ್ನೂ ತಾನೇ ಎಣಿಸುವ ದೊಡ್ಡ ಯಂತ್ರ ಬಂತು, ಇದು ಮೂಲೆ ಸೇರಿತು. ನಿವೃತ್ತಿಯ ದಿನ ಶಾಲು ಹೊದಿಸಲು ಬಂದವರಿಗೆ ಕಾಕಾ, “ಶಾಲು ಬ್ಯಾಡ್ರಿ, ಆ ಗಂಟಿ ಕೊಡ್ರಿ” ಎಂದರು. ಕೊಟ್ಟರು. ಜೊತೆಗೆ ಒಂದು ಹಳೆಯ ಸೂಕ್ಷ್ಮದರ್ಶಕವನ್ನೂ ಕೊಟ್ಟರು. ನಮ್ಮ ಕುಟುಂಬದ ನೆಮ್ಮದಿ ಅಂದಿಗೆ ಮುಗಿಯಿತು.

ಯಂತ್ರ ಜುಬ್ಬಾದ ಕಿಸೆಯಲ್ಲಿ ಕೂತು ಕಾಕಾನ ಜೊತೆ ಎಲ್ಲ ಕಡೆ ಬರತೊಡಗಿತು. ರಕ್ತ ಸಿಗದ ಜಾಗದಲ್ಲಿ ಅವರು ಜನರನ್ನು ಎಣಿಸುತ್ತಿದ್ದರು. ನನ್ನ ನಾದಿನಿಯ ಮದುವೆಯಲ್ಲಿ ನನ್ನ ಪಕ್ಕ ಕೂತು ಬಿಳಿ ಕಣಗಳ ಜಾತಿಯ ಪಾಠ ಶುರು ಮಾಡಿದರು.

“ಅಲ್ಲಿ ನೋಡು, ಬಾಗಲಾ ತಗದ ಕೂಡ್ಲೇ ಓಡಿಬಂದವ್ರು, ಅವ್ರು ನ್ಯೂಟ್ರೋಫಿಲ್. ಎಲ್ಲೇ ಗಾಯ ಆಗ್ಲಿ, ಮೊದಲ ಹಾಜರ್ ಅವ್ರು. ಬಂದಷ್ಟ ಲಗೂನ ಸಾಯ್ತಾರ. ಆ ಮೂಲ್ಯಾಗ ಕೂತಾಳಲ್ಲ ನಮ್ಮ ಅಬಚಿ, ನಮ್ಮವ್ವನ ತಂಗಿ, ಅಕಿ ಲಿಂಫೋಸೈಟ್. ಇಪ್ಪತ್ತು ವರ್ಷದ ಹಿಂದ ಯಾರು ಏನಂದ್ರು, ಎಲ್ಲಾ ನೆನಪದ.”

“ಮತ್ತ ಆ ದಪ್ಪನವ್ರು?”

“ಮೊನೊಸೈಟ್. ಎದುರಿಗೆ ಬಂದದ್ದೆಲ್ಲಾ ತಿಂತಾರ.”

“ನೀವ್ ಯಾರು ಕಾಕಾ?”

“ನಾ ಬೇಸೋಫಿಲ್. ನೂರಕ್ಕ ಒಂದು ಸಿಕ್ಕರ ಪುಣ್ಯ.”

ಹೀಗೆ ಎಣಿಸುತ್ತ ತೊಂಬತ್ತೊಂಬತ್ತಕ್ಕೆ ಬಂದಿದ್ದರೆಂದು ನನಗೇನು ಗೊತ್ತು? ಅಂತರಪಟದ ಆಚೆ ಈಚೆ ವಧೂವರರು ನಿಂತಿದ್ದರು. ಮಂಗಳಾಷ್ಟಕದ ನಾಲ್ಕನೆಯ ಶ್ಲೋಕ ನಡೆದಿತ್ತು. ಎಲ್ಲರ ಮುಷ್ಟಿಯಲ್ಲೂ ಅಕ್ಷತೆ. ಆಗ ಬಾಗಿಲಲ್ಲಿ ಒಬ್ಬರು ತಡವಾಗಿ ಕಾಲಿಟ್ಟರು, ಕಿಸೆಯೊಳಗೆ ‘ಟ್ರಿಣ್’ ಎಂದಿತು. ಮುಹೂರ್ತದ ಗಂಟೆಯೇ ಬಡಿಯಿತೆಂದು ಮುನ್ನೂರು ಮಂದಿ ಅಕ್ಷತೆ ಎಸೆದುಬಿಟ್ಟರು. ಹೊರಗೆ ಬ್ಯಾಂಡಿನವರು ಶುರು ಮಾಡಿದರು. ಭಟಜಿ ತಲೆಯ ಮೇಲಿನ ಅಕ್ಕಿ ಕೊಡವುತ್ತ, ಇನ್ನೂ ನಾಲ್ಕು ಶ್ಲೋಕ ಬಾಕಿ ಇವೆ ಎಂದು ಮರಾಠಿಯಲ್ಲಿ ಕೂಗಾಡಿದರು. ಕಾಕು ಮಾತ್ರ ತಿರುಗಿ ಕೂಡ ನೋಡದೆ, “ಎಣಿಸೋದು ಮುಗಿದಿದ್ರ ಊಟಕ್ಕ ಏಳ್ರಿ” ಎಂದರು. ಮನೆಯಲ್ಲೂ ದಿನಾ ಅದೇ ಮಾತು.

ಊಟಕ್ಕೆ ಕೂತರೂ ಬಿಡುಗಡೆಯಿರಲಿಲ್ಲ. ಹೋಳಿಗೆ ಮಾಡಿದ ದಿನ ಕಾಕಾ ಕಟ್ಟಿನ ಸಾರಿನ ಪಾತ್ರೆಯನ್ನು ಅರ್ಧ ತಾಸು ಅಲುಗಾಡಿಸಲು ಬಿಡುತ್ತಿರಲಿಲ್ಲ. “ನೋಡ್ರಿ, ರಕ್ತಾನೂ ಹಿಂಗ ಕೂಡ್ತದ. ಮ್ಯಾಲ ಹಳದಿ ತಿಳಿ ನೀರು, ಅದು ಪ್ಲಾಸ್ಮಾ. ಅರ್ಧಕ್ಕಿಂತ ಹೆಚ್ಚು ಅದೇ. ತಳದಾಗ ಕೆಂಪು ಕಣ. ನಡುವ ಒಂದು ಎಳಿಯಷ್ಟು ಬಿಳಿ ಪದರ. ಅಷ್ಟ ಅದು, ಆದ್ರ ಅದು ಇಲ್ಲಂದ್ರ ಮನಷ್ಯಾ ಇಲ್ಲ.”

ಕಾಕು ಸೌಟು ಹಾಕಿ ಗರಗರ ತಿರುವಿ, “ನನ್ನ ಸಾರಿನ ಮುಂದ ರಕ್ತದ ಹೆಸರ ತಗೀಬ್ಯಾಡ್ರಿ” ಎನ್ನುತ್ತಿದ್ದರು.

ಕೆಂಪು ಕಣವೆಂದರೆ ಕಾಕಾಗೆ ಸ್ವಲ್ಪ ಕನಿಕರ. ಅದು ಎಲುಬಿನ ಮಜ್ಜೆಯಲ್ಲಿ ಹುಟ್ಟಿ ಬೆಳೆದು, ಹೊರಗೆ ಹೊರಡುವ ಮೊದಲು ತನ್ನ ನಡುವಿನ ಬೀಜವನ್ನೇ, ನ್ಯೂಕ್ಲಿಯಸ್ಸನ್ನೇ, ಎಸೆದು ಬರುತ್ತದಂತೆ. ಆಮೇಲೆ ನೂರಿಪ್ಪತ್ತು ದಿನ ಉಸಿರು ಹೊತ್ತು ತಿರುಗಿ ಸಾಯುತ್ತದೆ. “ತಲಿ ಮನ್ಯಾಗ ಇಟ್ಟು ಕೆಲಸಕ್ಕ ಹೋಗೋದು. ನಿನ್ನ ಗಂಡನಂಗ” ಎಂದು ನನಗೆ ಹೇಳಿದರು. ನಮ್ಮನೆಯವರು ಆ ದಿನ ಬೆಳಿಗ್ಗೆ ಸ್ಕೂಟರಿನ ಕೀಲಿ ಫ್ರಿಜ್ಜಿನಲ್ಲಿಟ್ಟು ಆಫೀಸಿಗೆ ಬಸ್ಸಿನಲ್ಲಿ ಹೋಗಿದ್ದರು.

ಹೋದ ವರ್ಷ ಶ್ರಾವಣದಲ್ಲಿ ಕಾಕು ಪದೇ ಪದೇ ಕೂತುಕೊಳ್ಳತೊಡಗಿದರು. ಮೆಟ್ಟಿಲಲ್ಲಿ ಕೂತರು, ಒಲೆಯ ಮುಂದೆ ಸ್ಟೂಲ್ ಹಾಕಿ ಕೂತರು. ತೋಳಿನ ಮೇಲೆ ನೀಲಿ ಕಲೆಗಳು ಕಂಡವು; ಕಾಯಿಪಲ್ಲೆ ಚೀಲದ ಭಾರಕ್ಕೆ ಎಂದರು. ಒಂದು ಮಧ್ಯಾಹ್ನ ತಾವಾಗಿಯೇ ಕಾಕಾನ ಮುಂದೆ ಬೆರಳು ಚಾಚಿ, “ಊರ ಮಂದಿ ರಕ್ತ ಎಲ್ಲಾ ನೋಡೀರಿ. ಮನ್ಯಾಗಿಂದೂ ಒಂದ್ ಹನಿ ನೋಡ್ರಿ” ಎಂದರು. ನಾನು ಅಲ್ಲೇ ಇದ್ದೆ.

ಕಾಕಾ ಹನಿಯನ್ನು ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಒಣಗಿಸಿ, ಎಣಿಸಿದರು. ಗಂಟೆ ಬಡಿಯಿತು. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದರು. ಗಂಟೆ ಬಡಿಯಿತು. ಮೂರನೆಯ ಸಲವೂ ಬಡಿಯಿತು. ಅಡುಗೆಮನೆಯಿಂದ ಕಾಕು, “ಎಣಿಸೋದು ಮುಗಿದಿದ್ರ ಊಟಕ್ಕ ಬರ್ರಿ” ಎಂದು ಕರೆದರು.

ಕಾಕಾ ನನಗೆ ಮಾತ್ರ ಕೇಳುವಂತೆ ಹೇಳಿದರು: “ಮಜ್ಜಿಯೊಳಗ ಇರಬೇಕಾದ ಕೂಸು ಕಣಗಳಿವು. ಓಣಿಗೆ ಬಂದು ನಿಂತಾವ. ನೂರರಾಗ ಎಂಬತ್ತು ಇವ ಅವ.”

“ಅಂದ್ರ?”

“ಬೆಳ್ಯಾಂಗಿಲ್ಲ ಇವು. ಬರೇ ಹೆಚ್ಚಾಗ್ತಾವ.” ಆಮೇಲೆ ತಮ್ಮ ಹೆಬ್ಬೆರಳನ್ನೇ ನೋಡುತ್ತ ಕೂತರು. “ಊರ ಮಂದಿ ಕಣ್ಣೆಲ್ಲಾ ಜಗ್ಗಿದೆ” ಎಂದರು.

ರಕ್ತದ ಕ್ಯಾನ್ಸರ್. ಕಾಕಾನ ಹಳೆಯ ಆಸ್ಪತ್ರೆಯಲ್ಲೇ ಕಾಕು ಮಲಗಿದರು. ಔಷಧ ಆ ಕೆಟ್ಟ ಕೂಸುಗಳ ಜೊತೆಗೆ ಮಜ್ಜೆಯ ಒಳ್ಳೆಯ ಬೆಳೆಯನ್ನೂ ಸವರಿಹಾಕಿತು. ಅಲ್ಲೆಲ್ಲೋ ಒಂದಿಷ್ಟು ತಾಯಿಕಣಗಳು ಉಳಿದಿರುತ್ತವೆ, ಕೆಂಪು, ಬಿಳಿ, ಪ್ಲೇಟ್‌ಲೆಟ್ ಎಲ್ಲವೂ ಮತ್ತೆ ಅವುಗಳಿಂದಲೇ ಹುಟ್ಟಬೇಕು ಎಂದು ಕಾಕಾ ವಿವರಿಸಿದರು. ಅಲ್ಲಿಯವರೆಗೆ ಸಣ್ಣ ನೆಗಡಿಯೂ ಕಾಕುವನ್ನು ಒಯ್ಯಬಹುದಿತ್ತು. ಹಾಗಾಗಿ ಅವರು ಗಾಜಿನ ಬಾಗಿಲಿನ ಆಚೆ, ನಾವು ಈಚೆ. ಮಾತೆಲ್ಲ ಫೋನಿನಲ್ಲಿ.

ದಿನಾ ಬೆಳಿಗ್ಗೆ ವರದಿಯನ್ನು ದೊಡ್ಡ ಯಂತ್ರವೇ ಕೊಡುತ್ತಿತ್ತು. ಕಾಕಾಗೆ ಅದು ಸಾಲದು. ಲ್ಯಾಬಿನವರು ಹಳೆಯ ಮನುಷ್ಯನೆಂದು ಒಂದು ಕುರ್ಚಿ ಕೊಟ್ಟರು. ಕಿಸೆಯಿಂದ ಯಂತ್ರ ತೆಗೆದಿಟ್ಟು ಕಾಕುವಿನ ಸ್ಲೈಡನ್ನು ಈ ತುದಿಯಿಂದ ಆ ತುದಿಗೆ ಹುಡುಕುತ್ತಿದ್ದರು. ಮೊದಲ ದಿನ ಇಡೀ ಪಟ್ಟಿಯಲ್ಲಿ ಆರು ಬಿಳಿ ಕಣ ಸಿಕ್ಕವು. ಮರುದಿನ ಎರಡು. ಆಮೇಲೆ ನಾಲ್ಕು ದಿನ ಒಂದೂ ಇಲ್ಲ. ಮದುವೆ ಮನೆ ಕೆಡಿಸಿದ ಆ ಗಂಟೆಯನ್ನು ಶಪಿಸದವರೇ ನಮ್ಮಲ್ಲಿರಲಿಲ್ಲ. ಈಗ ಅದು ಒಮ್ಮೆ ಬಡಿಯಲಿ ಎಂದು ಎಲ್ಲರೂ ದೇವರಿಗೆ ಕೈ ಮುಗಿದೆವು. ಕಾಕಾ ಮಧ್ಯಾಹ್ನದ ಊಟ ಬಿಟ್ಟರು. ಯಾರ ರೆಪ್ಪೆಯನ್ನೂ ಜಗ್ಗಲಿಲ್ಲ.

ಮೂರನೆಯ ವಾರ ಹನ್ನೊಂದು ಸಿಕ್ಕವು. ಮರುದಿನ ಮೂವತ್ತು, ಆಮೇಲೆ ಅರವತ್ತೆರಡು. ಅದರ ಮಾರನೆಯ ದಿನ ನಾನು ಗಾಜಿನ ಈಚೆ ನಿಂತಿದ್ದಾಗ ಒಳಗೆ ಕಾಕುವಿಗೆ ಫೋನ್ ಬಂತು. ಕಿವಿಗೆ ಹಿಡಿದರು. ಏನೋ ಹೇಳಿ ಫೋನ್ ಇಟ್ಟರು. ನಾನು ಕೂಡಲೇ ನನ್ನ ಫೋನಿನಿಂದ ಕರೆ ಮಾಡಿ, ಯಾರದು, ಏನಂತೆ ಎಂದು ಕೇಳಿದೆ.

“ನಿನ್ನ ಕಾಕಾ. ಬರೇ ಗಂಟಿ ಕೇಳಿಸಿದ್ರು” ಎಂದರು.

“ನೀವೇನಂದ್ರಿ?”

“ಎಣಿಸೋದು ಮುಗೀತಲ್ಲ, ಹೋಗಿ ಉಣ್ರಿ ಅಂದೆ.”

ಇನ್ನೂ ಎರಡು ಸುತ್ತು ಔಷಧ ಬಾಕಿ ಇದೆ. ಅದರ ನಡುವೆ ಕಾಕುವನ್ನು ಮನೆಗೆ ಕರೆತಂದೆವು. ಅವರು ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡರು. ಆಮೇಲೆ ಕಾಕಾನ ಕಡೆ ಮುಖ ಎತ್ತಿ, ಮದುವೆಯಾದ ಮೇಲೆ ಮೊದಲ ಸಲ, ತಮ್ಮ ಕೆಳರೆಪ್ಪೆಯನ್ನು ತಾವೇ ಬೆರಳಿನಿಂದ ಜಗ್ಗಿ ಹಿಡಿದರು.

ಕಾಕಾ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

“ಏನ್ರಿ, ಬಣ್ಣ ಹೆಂಗದ?” ಎಂದು ಕಾಕು ಕೇಳಿದರು.

“ತಡಿ,” ಎಂದರು ಕಾಕಾ, “ನನಗ ಮಂಜ ಮಂಜ ಕಾಣಲಿಕ್ಕತ್ತದ.”