ಎಂಟನೆಯ ಹಾಜರಿ

ಹಲ್ಲು ಕೀಳಿಸಿಕೊಂಡವನು ತುಗ್ದುಅಲ್. ನೋವು ತಿಂದವನು ಗುಲ್ವೆನ್.

ತುಗ್ದುಅಲ್ ಫ್ರಾನ್ಸಿನ ಬ್ರೆತಾನ್ ಕರಾವಳಿಯ ಒಂದು ಊರಿನ ದೋಣಿಶಾಲೆಯ ಮೇಷ್ಟ್ರು. ಮಕ್ಕಳಿಗೆ ಪುಟ್ಟ ಹಾಯಿದೋಣಿ ನಡೆಸುವುದನ್ನು ಕಲಿಸುತ್ತಿದ್ದ. ಅಂದು ಬೆಳಿಗ್ಗೆ ಅವನ ದವಡೆ ಊದಿ ಕುಂಬಳಕಾಯಿಯಾಗಿತ್ತು. ಶಾಲೆಯ ಯಜಮಾನಿ ಅರ್ಮೆಲ್ ನೆಟ್ಟಗೆ ತನ್ನ ತಂಗಿಯ ಗಂಡ ಗುಲ್ವೆನ್‌ನ ಬೂಟಿನ ಅಂಗಡಿಗೆ ಬಂದಳು.

"ಬೆಳಗಿನ ಪಾಠ ಒಂದು ನೀನು ನೋಡ್ಕೋ."

"ಅತ್ತಿಗೆ, ಸ್ನಾನದ ತೊಟ್ಟಿ ಕಂಡ್ರೇ ನನಗೆ ಕಾಲು ನಡುಗುತ್ತೆ."

"ನೀನೇನು ಹಾಯಿ ಹಿಡೀಬೇಕಾ? ಮೋಟಾರು ದೋಣೀಲಿ ಕೂತು ಮಕ್ಕಳ ಹಿಂದೆ ಹೋಗು. ಬಾತುಕೋಳಿ ಮೇಯಿಸಿದ ಹಾಗೆ, ಅಷ್ಟೆ."

"ಇದೊಂದೇ ಸಲ. ಇನ್ಮೇಲೆ ನೀರಿಗೆ ಕರೆಯಲ್ಲ ಅಂತ ಸಂತ ಆನ್ನಮ್ಮನ ಮೇಲೆ ಆಣೆ ಇಡಿ."

ಅರ್ಮೆಲ್ ಆಣೆ ಇಟ್ಟಳು. ಆ ಊರಿನಲ್ಲಿ ಆನ್ನಮ್ಮನ ಆಣೆ ಮುರಿದವರಿಲ್ಲ. ಒಂದು ಬೆಳಗು ಹಲ್ಲು ಕಚ್ಚಿದರೆ ಜೀವಮಾನವಿಡೀ ಬಿಡುಗಡೆ ಎಂದುಕೊಂಡು ಗುಲ್ವೆನ್ ಅಂಗಡಿಯ ಬಾಗಿಲೆಳೆದ.

ದೋಣಿ ಕಟ್ಟುವ ಧಕ್ಕೆಯ ಮೇಲೆ ಮುದುಕಿ ಸ್ವಾಜಿಗ್ ಬಲೆ ಹೊಲಿಯುತ್ತ ಕೂತಿದ್ದಳು. ಅವಳನ್ನು ದಾಟಿ ಯಾರೂ ಸಮುದ್ರಕ್ಕೆ ಹೋಗುವ ಹಾಗಿರಲಿಲ್ಲ.

"ಬೂಟಿನೋನು ಹೊರಟ ನೋಡು. ಮಂಜು ಬರುತ್ತೆ ಕಣಪ್ಪ. ಏಳಾದ್ಮೇಲೆ ಬಾಯಿ ಮುಚ್ಕೊಂಡಿರು."

ಏಳರ ಸಂಗತಿ ಊರಿಗೆಲ್ಲ ಗೊತ್ತು. ಅಜ್ಜಂದಿರ ಕಾಲದಲ್ಲಿ ಅಜೆನೋರ್ ಮೇಡಂ ಎಂಟು ಮಕ್ಕಳ ಪಾಠಕ್ಕೆ ಹೊರಟವಳು ಮಂಜಿನಲ್ಲಿ ಹಾಜರಿ ಕೂಗಿದಾಗ ಏಳೇ ದನಿ ಬಂದವು. ಏಳನ್ನು ದಡ ಮುಟ್ಟಿಸಿ, ಎಂಟನೆಯವನನ್ನು ಹುಡುಕಲು ಒಬ್ಬಳೇ ಹಿಂತಿರುಗಿದಳು. ಎಂಟನೆಯವನು ಪಾಠ ತಪ್ಪಿಸಿ ಅಡುಗೆಮನೆಯ ಹಿಂದೆ ಬೆಣ್ಣೆ ಸವರಿದ ಕ್ರೆಪ್ ದೋಸೆ ತಿನ್ನುತ್ತಿದ್ದ. ಅವಳು ಮಾತ್ರ ಬರಲಿಲ್ಲ. ಅಂದಿನಿಂದ ಶಾಲೆಗೆ ಏಳೇ ಮಕ್ಕಳು. ಮಂಜಿನೊಳಗಿಂದ ಯಾರಾದರೂ ಎಂಟು ಎಂದು ಕರೆದರೆ ಓಗೊಡಬಾರದು.

ಏಳು ಮಕ್ಕಳಿಗೆ ಏಳು ದೋಣಿ, ಹಿಂದೆ ಮೋಟಾರು ದೋಣಿಯಲ್ಲಿ ಗುಲ್ವೆನ್; ಪಾಠ ಚೆನ್ನಾಗಿಯೇ ಶುರುವಾಯಿತು. ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆಂದು ಮಕ್ಕಳೇ ಮೇಷ್ಟ್ರಿಗೆ ಹೇಳಿಕೊಟ್ಟರು. ನಮ್ಮತ್ತೆಯ ಹಾಗೆ ಎಂದು ಗುಲ್ವೆನ್ ಒಳಗೇ ನಕ್ಕ. ಆ ನಗು ಮುಗಿಯುವಷ್ಟರಲ್ಲಿ ಮಂಜು ಬಂತು. ನೆನೆಸಿದ ಕಂಬಳಿಯನ್ನು ಯಾರೋ ಮೇಲಿಂದ ಹೊದಿಸಿದಂತೆ ದಡ ಹೋಯಿತು, ಆಕಾಶ ಹೋಯಿತು, ಕೊನೆಗೆ ಗಾಳಿಯೂ ಹೋಯಿತು. ಹಾಯಿಗಳು ಒಣಹಾಕಿದ ಅಂಗಿಗಳಂತೆ ಜೋತುಬಿದ್ದವು. ಮೋಟಾರು ಮುದುಕನಂತೆ ಎರಡು ಸಲ ಕೆಮ್ಮಿ ಸತ್ತಿತು.

"ಒಂದು?"

"ಇದೀನಿ," ಎಂದಿತು ಒಂದು ಮಗು. ಎರಡು, ಮೂರು, ಹೀಗೆ ಏಳರವರೆಗೂ ಮಂಜಿನಲ್ಲಿ ಪುಟ್ಟ ದನಿಗಳು ಉತ್ತರ ಕೊಟ್ಟವು. ಹಾಜರಿ ಕೂಗಿದ ದನಿ ಗುಲ್ವೆನ್‌ನದಲ್ಲ. ಅವನ ಬಾಯಿ ತೆರೆದೇ ಇರಲಿಲ್ಲ.

"ಎಂಟು?"

ನೀರು ಅಲುಗಲಿಲ್ಲ.

"ಎಂಟು?" ಈ ಸಲ ಹತ್ತಿರದಿಂದ. ಸಿಟ್ಟಿಲ್ಲದ, ಎಷ್ಟು ಹೊತ್ತಾದರೂ ಕಾಯಬಲ್ಲ ದನಿ.

ಪಕ್ಕಕ್ಕೇ ತೇಲಿಬಂದಿದ್ದ ಏಳನೆಯ ದೋಣಿಯ ಎನೋರಾ ಪಿಸುಗುಟ್ಟಿದಳು. "ಸಾರ್, ಮೇಡಂ ಕಾಯ್ತಿದಾರೆ."

"ಯಾವ ಮೇಡಮ್ಮು?"

"ನಿಮ್ಮ ಹಿಂದೆ ಕೂತಿರೋರು."

ಗುಲ್ವೆನ್ ತಿರುಗಿ ನೋಡಲಿಲ್ಲ. ತಿರುಗುವಂಥ ಕುತ್ತಿಗೆ ಆ ಕ್ಷಣ ಅವನಿಗಿರಲಿಲ್ಲ. ಅಜ್ಜಿ ಕಲಿಸಿದ ಆನ್ನಮ್ಮನ ಹಾಡನ್ನು ತಲೆಕೆಳಗಾಗಿ ಗುನುಗಿದ. ಬೆನ್ನ ಹಿಂದಿನ ದನಿ ಅದನ್ನು ನಯವಾಗಿ ತಿದ್ದಿ, ಮತ್ತೆ ಕೇಳಿತು. "ಎಂಟು?"

ಎನೋರಾಳ ತುಟಿ ನೀಲಿಗಟ್ಟಿತ್ತು. ಅಳಬಾರದೆಂದು ಹಗ್ಗ ಕಚ್ಚಿಕೊಂಡಿದ್ದಳು. ಗುಲ್ವೆನ್‌ಗೆ ಅದನ್ನು ನೋಡಲಾಗಲಿಲ್ಲ. ಓದುವ ಕಾಲದಲ್ಲಿ ಗೆಳೆಯರಿಗೆಲ್ಲ ಸುಳ್ಳು ಹಾಜರಿ ಹಾಕಿದ್ದವನು ತಾನು. ಇನ್ನೊಂದು ಹಾಕಿದರೆ ಏನಾದೀತು ಎಂದುಕೊಂಡ. ದನಿ ಸಣ್ಣ ಮಾಡಿ ಅಂದ.

"ಎಂಟು. ಇದೀನಿ ಮೇಡಂ."

ಕತ್ತಿನ ಹಿಂದೆ ತಣ್ಣನೆಯ, ಉಪ್ಪು ವಾಸನೆಯ ಒಂದು ನಿಟ್ಟುಸಿರು. "ಬಂದೆಯಾ ಮಗು."

ಒಡನೆಯೇ ಗಾಳಿ ಎದ್ದಿತು. ಹಗ್ಗ ಸಡಿಲಿಸು, ಈಗ ಎಳೆ, ತಲೆ ತಗ್ಗಿಸು ಎಂದು ದನಿ ಹೇಳಿದಂತೆಲ್ಲ ಏಳು ಹಾಯಿಗಳೂ ಬಂಡೆಗಳ ನಡುವೆ ಸಾಲಾಗಿ ಸಾಗಿದವು. ಸತ್ತ ಮೋಟಾರಿನ ದೋಣಿಯೂ ಹಗ್ಗವಿಲ್ಲದೆ ಅವುಗಳ ಹಿಂದೆಯೇ ಬಂತು.

ದಡದಲ್ಲಿ ತಾಯಂದಿರು ಗುಲ್ವೆನ್‌ನ ಕೆನ್ನೆಗೆಲ್ಲ ಮುತ್ತಿಟ್ಟರು. ಸ್ವಾಜಿಗ್ ಮಾತ್ರ ಕೇಳಿದಳು. "ಗಾಳಿ ಸುಮ್ನೆ ಬರಲ್ಲ. ಎಂಟಕ್ಕೆ ಓಗೊಟ್ಟೋರು ಯಾರು?"

"ಸಾರ್," ಎಂದಳು ಎನೋರಾ.

ಮುದುಕಿ ಎದೆಯ ಮೇಲೆ ಶಿಲುಬೆ ಬರೆದುಕೊಂಡು, ಕೂತ ಪೆಟ್ಟಿಗೆಯನ್ನು ಅವನಿಂದ ಅಷ್ಟು ದೂರ ಸರಿಸಿಕೊಂಡಳು. "ಹೋಗು, ಹೊಟ್ಟೆ ತುಂಬ ಊಟ ಮಾಡು," ಎಂದಳು. ಗುಲ್ವೆನ್ ಪಾಠದ ಸೀಟಿಯನ್ನು, ಹಲ್ಲು ಕೀಳಿಸಿಕೊಂಡು ಬಂದಿದ್ದ ತುಗ್ದುಅಲ್‌ನ ಕೈಗೆ ತುರುಕಿ, ಅಂಗಡಿ ಸೇರಿ, ಒಣ ಕಾಲುಚೀಲ ಏರಿಸಿಕೊಂಡ. ಒಣಗಿರುವುದರಲ್ಲಿ ಅಷ್ಟು ಸುಖವಿದೆಯೆಂದು ಅವನಿಗೆ ಹಿಂದೆಂದೂ ತಿಳಿದಿರಲಿಲ್ಲ.

ಮಧ್ಯಾಹ್ನ ಚೊಕ್ಕ ಬಿಸಿಲು. ಅರ್ಮೆಲ್ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಅರ್ಧ ಊರು.

"ಗಾಳಿಗೆ ಊರಿನ ಹೆಂಚು ಹಾರ್ತಿವೆ. ಮಧ್ಯಾಹ್ನದ ಪಾಠಕ್ಕೆ ಬಿಟ್ಟ ನಮ್ಮ ಏಳು ದೋಣಿ ಮಾತ್ರ ಗೋಡೆಗೆ ಅಂಟಿಸಿದ ಚಿತ್ರದ ಹಾಗೆ ನಿಂತಿವೆ. ನೀರಿಂದ ಒಂದೇ ಸಮನೆ ಎಂಟು, ಎಂಟು ಅಂತ ಕೇಳಿಸ್ತಿದೆ."

"ಆಣೆ ಇಟ್ಟಿದ್ರಿ, ಅತ್ತಿಗೆ."

"ನಾನೆಲ್ಲಿ ಕರೀತಿದೀನಪ್ಪ? ಕರೀತಿರೋಳು ಅವಳು."

"ಮತ್ತೆ ನಾನೇ ಪಾಠ ಹೇಳಬೇಕಾ?"

"ಹೇಳೋಕೆ ತುಗ್ದುಅಲ್ ಇದಾನೆ. ನೀನು ಕಲಿಯೋನು." ಮಕ್ಕಳ ಲೈಫ್ ಜಾಕೆಟ್ ಒಂದನ್ನು ಅವಳು ಮುಂದೆ ಹಿಡಿದಳು.

ಮೊಣಕಾಲು ಕಿವಿಗೆ ತಾಗುವಂತೆ ಮುದುರಿ ಗುಲ್ವೆನ್ ಸ್ನಾನದ ತೊಟ್ಟಿಯಷ್ಟಗಲದ ಎಂಟನೆಯ ದೋಣಿಯಲ್ಲಿ ಕೂತ. ಹಾಜರಿಗೆ ಅವನು ಓಗೊಟ್ಟದ್ದೇ ತಡ, ಉಳಿದ ಏಳೂ ಹಾಯಿ ತುಂಬಿಕೊಂಡು ಹಾರಿಹೋದವು. ಅವನ ದೋಣಿ ಮಾತ್ರ ಅಲ್ಲೇ ನಿಂತಿತು.

"ಅವರೆಲ್ಲ ಮುಂದಿದಾರೆ," ಎಂದಿತು ಪಕ್ಕದ ನೀರು, ತಾಯಿಯಂತೆ. "ದೋಣಿ ಮಗುಚಿ, ನೀರಿಗೆ ಬಿದ್ದು, ಮತ್ತೆ ಎತ್ತಿ ನಿಲ್ಲಿಸೋದನ್ನ ಮೊದಲ ದಿನಾನೇ ಕಲ್ತಿದಾರೆ. ನೀನೇ ಬಾಕಿ, ಎಂಟು. ನೀನಾಗೇ ಮಗುಚ್ತೀಯೋ, ನಾನೇ ಹಿಡಿದು ಮಗುಚಲೋ?"

ದೋಣಿಯ ಅಂಚಿನ ಒಣ ಮರದ ಮೇಲೆ, ಒಂದರ ಪಕ್ಕ ಒಂದು, ಒದ್ದೆ ಬೆರಳುಗಳ ಗುರುತು ಮೂಡತೊಡಗಿತು.