ಅಗಸೆ ನಾರಿನ ಚೌರಿ

ಎರಡು ವಸ್ತುಗಳನ್ನು ಒಂದರ ಪಕ್ಕ ಒಂದು ಇಟ್ಟ ಮಾತ್ರಕ್ಕೆ ಅವು ಅಂಟಿಕೊಳ್ಳುವುದಿಲ್ಲ. ಈ ಸರಳ ಸತ್ಯವನ್ನು ಮತ್ತೆ ಮತ್ತೆ ಕಂಡುಹಿಡಿಯಲು ನನಗೆ ಸಂಬಳ ಕೊಡುತ್ತಿದ್ದರು. ಮೆಕ್ಕೆಜೋಳದಿಂದ ಮಾಡಿದ, ಕೊನೆಗೆ ಮಣ್ಣಲ್ಲಿ ಮಣ್ಣಾಗುವ ಪ್ಲಾಸ್ಟಿಕ್ಕಿಗೆ ಅಗಸೆ ಗಿಡದ ನಾರು ಸೇರಿಸಿ ಗಟ್ಟಿ ಮಾಡುವುದು ಮ್ಯಾಂಚೆಸ್ಟರಿನ ಲ್ಯಾಬೊಂದರಲ್ಲಿ ನನ್ನ ಕೆಲಸ. ನಾರಿಗೆ ನೀರೆಂದರೆ ಪ್ರಾಣ, ಪ್ಲಾಸ್ಟಿಕ್ಕಿಗೆ ನೀರೆಂದರೆ ಆಗದು. ಹೀಗಾಗಿ ನಾರಿನ ಮೈಮೇಲಿನ ಜಿಡ್ಡನ್ನು ಕಾಸ್ಟಿಕ್ ಸೋಡಾದಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಕರಗಿದ ಪ್ಲಾಸ್ಟಿಕ್ಕಿನಲ್ಲಿಟ್ಟು ನಿಧಾನವಾಗಿ ತಣಿಸಬೇಕು. ಆಗ ನಾರಿನ ಮೈಯಿಂದಲೇ ಹರಳುಗಳು ಒತ್ತೊತ್ತಾಗಿ ಬೆಳೆಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಅದನ್ನು ನೋಡುವುದೇ ಒಂದು ಸುಖ. ಅವಸರ ಮಾಡಿದರೆ ಹರಳು ಕಟ್ಟುವುದಿಲ್ಲ. ಜಿಡ್ಡು ಉಳಿದಿದ್ದರೆ ಎಳೆದ ಕೂಡಲೇ ನಾರು ನುಣ್ಣಗೆ ಕಳಚಿ ಬರುತ್ತದೆ. ಇಷ್ಟನ್ನು ಯಾರು ಕೇಳಿದರೂ, ಕೇಳದಿದ್ದರೂ ನಾನು ವಿವರಿಸಬಲ್ಲೆ.

ಆದರೆ ಅದೇ ಊರಿನ ಫಾಲೋಫೀಲ್ಡ್ ಬಡಾವಣೆಯ ನಮ್ಮ ಮನೆಯಲ್ಲಿ ಆ ಚಳಿಗಾಲ ನನ್ನ ಬಾಯಿ ಕಟ್ಟಿಹೋಗಿತ್ತು. ಹೆಂಡತಿ ಗಿರಿಜೆಗೆ ಕ್ಯಾನ್ಸರ್. ಔಷಧಿಯಿಂದ ತಲೆಗೂದಲೆಲ್ಲ ಉದುರಿದ ಮೇಲೆ ಅವಳು ಮಹಡಿಯ ಕೋಣೆ ಬಿಟ್ಟು ಕೆಳಗೆ ಬರುವುದನ್ನೇ ನಿಲ್ಲಿಸಿದ್ದಳು. ಊಟ ಅರ್ಧ, ಮಾತು ಅದಕ್ಕಿಂತ ಕಡಿಮೆ. ಅವಳು ಹೀಗೇ ನಮ್ಮ ಕೈಬಿಟ್ಟು ಹೋಗುತ್ತಾಳೆ ಎಂದು ನನಗೆ ಭಯ. ಆ ಭಯದಲ್ಲಿ ನಾನು ಮಾಡುತ್ತಿದ್ದುದು ಒಂದೇ, ದಿನವೂ ಬಾಗಿಲಲ್ಲಿ ನಿಂತು "ಹೀಟಿಂಗ್ ಜಾಸ್ತಿ ಮಾಡಲಾ?" ಎಂದು ಕೇಳುವುದು. ಮಗಳ ಆರೈಕೆಗೆ ಧಾರವಾಡದಿಂದ ಬಂದಿದ್ದ ಅತ್ತೆಯವರದು ಇನ್ನೊಂದು ಬಗೆ. ಹಳೇ ಕಾಲದ ಮರ್ಯಾದೆಯವರು, ಅಳಿಯನ ಜೊತೆ ನೇರವಾಗಿ ಮಾತಾಡುವವರಲ್ಲ. "ಅವರಿಗೆ ಇನ್ನೊಂದು ರೊಟ್ಟಿ ಬೇಕೇನ್ ಕೇಳವಾ" ಎಂದು ಮಗಳ ಮೂಲಕವೇ ವಿಚಾರಿಸುತ್ತಿದ್ದರು. ಮಗಳು ಮೇಲೆಯೇ ಉಳಿದಾಗ ಆ ಪ್ರಶ್ನೆಯನ್ನು ಫ್ರಿಜ್ಜಿಗೆ ಕೇಳತೊಡಗಿದರು. ನಾನೂ ಫ್ರಿಜ್ಜಿಗೇ ಉತ್ತರ ಕೊಡುತ್ತಿದ್ದೆ.

ಹೀಗಿರುವಾಗ ಲ್ಯಾಬಿನ ಓವನ್ ಬೇರೆಯವರ ಪಾಲಾಗಿ, ತೊಳೆದ ನಾರಿನ ಕಟ್ಟೊಂದನ್ನು ಮನೆಗೆ ತಂದು ಬಿಸಿನೀರಿನ ಬಾಯ್ಲರ್ ಇರುವ ಬೆಚ್ಚನೆಯ ಕಪಾಟಿನಲ್ಲಿ ಒಣಗಲು ತೂಗುಹಾಕಿದೆ. ಬಾಚಿದ ಅಗಸೆ ನಾರು ಉದ್ದಕ್ಕೆ, ತೆಳ್ಳಗೆ, ಹೊಂಬಣ್ಣಕ್ಕೆ ಇರುತ್ತದೆ. ಮರುದಿನ ಸಂಜೆ ನೋಡಿದರೆ ಕಪಾಟು ಖಾಲಿ! ಗಾಬರಿಯಿಂದ ಮೇಲೆ ಹೋದೆ. ಅತ್ತೆಯವರು ಗಿರಿಜೆಯ ಪಕ್ಕ ಕೂತು, ನನ್ನ ನಾರಿಗೆ ಧಾರಾಳವಾಗಿ ಕೊಬ್ಬರಿ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆ ಹೆಣೆಯುತ್ತಿದ್ದರು. ಎಣ್ಣೆ ಕುಡಿದ ಆ ನಾರಿಗೆ ಇನ್ನು ಯಾವ ಪ್ಲಾಸ್ಟಿಕ್ಕೂ ಅಂಟುವಂತಿರಲಿಲ್ಲ.

ಅತ್ತೆಯವರು ಅಂದು ಮೊದಲ ಬಾರಿಗೆ ನನ್ನ ಮುಖ ನೋಡಿ ಮಾತಾಡಿದರು. "ಚೌರಿ ತಂದೀರಿ, ಹೇಳಲೇ ಇಲ್ಲಲ್ರಿ. ಬಣ್ಣ ಒಂಚೂರು ಕೆಂಚ ಆತು. ಇರ್ಲಿ ಬಿಡ್ರಿ, ಈ ದೇಶದಾಗ ಮಂದಿ ಕೂದಲಾನ ಹಿಂಗ, ಕರೀ ಚೌರಿ ಎಲ್ಲಿಂದ ಬರಬೇಕು? ಸ್ಕಾರ್ಫಿನ ಒಳಗ ಪಿನ್ ಹಾಕಿದ್ರ ಚಂದ ಕೂಡತೈತಿ." ಅವರು ಜಡೆಯ ತುದಿಗೆ ಗಂಟು ಹಾಕಿದರು. "ನನ್ನ ಮಗಳ ತಲಿ ನೋಡಿ ನಿಮಗೂ ಇಷ್ಟು ಸಂಕಟ ಆಗೇತಿ ಅಂತ ನನಗ ತಿಳದಿರಲಿಲ್ಲ."

"ಅಲ್ಲ ಅತ್ತೆ, ಅದು..." ಎಂದು ಶುರುಮಾಡಿದೆ. ಮುಂದೆ ಹೇಳಬೇಕಾಗಿದ್ದುದು ಕಾಸ್ಟಿಕ್ ಸೋಡಾ, ಹರಳು, ಅಂಟು. ಅಷ್ಟರಲ್ಲಿ ಗಿರಿಜೆ ಜಡೆಯ ತುದಿಯನ್ನು ಮೂಗಿನ ಹತ್ತಿರ ಹಿಡಿದಳು. ಕೊಬ್ಬರಿ ಎಣ್ಣೆಯ ಕೆಳಗೆ, ದಿನವೂ ನನ್ನ ಕೋಟಿನಿಂದ ಬರುವ ನಾರಿನ ವಾಸನೆ ಅವಳಿಗೆ ಸಿಕ್ಕಿರಬೇಕು. ತುಟಿ ಅದುರಿತು. ಅಳುತ್ತಾಳೆ ಎಂದುಕೊಂಡೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆಯವರು ಏನೂ ಅರ್ಥವಾಗದಿದ್ದರೂ, ಮಗಳು ನಗುತ್ತಿದ್ದಾಳೆಂದು ತಾವೂ ನಕ್ಕರು. ಆ ದಿನ ಗಿರಿಜೆ ಹೊಂಬಣ್ಣದ ಜಡೆಯನ್ನು ಹೆಗಲ ಮೇಲಿಂದ ಇಳಿಬಿಟ್ಟುಕೊಂಡು ಊಟಕ್ಕೆ ಕೆಳಗೆ ಬಂದಳು.

ಅತ್ತೆಯವರು ನನಗೆಂದೇ ತುಪ್ಪ ತರಲು ಎದ್ದಾಗ ಅವಳು ಪಿಸುಗುಟ್ಟಿದಳು. "ಅವ್ವಗ ಖರೇ ಹೇಳಬ್ಯಾಡ್ರಿ. ಆದ್ರ ಇಂಥಾವೆಲ್ಲ ನಿಮ್ಮ ತಲಿಗೆ ಹೊಳೆಯೂದಿಲ್ಲ ಅಂತ ನನಗ ಗೊತ್ತೈತಿ."

ನಾನು ಬೋಳುತಲೆ ಸವರಿಕೊಂಡೆ. ಅದು ಹೊಳೆಯುತ್ತಿತ್ತು, ಆದರೆ ಬರೀ ಹೊರಗಿನಿಂದ.